ಹಳೇ ಬೈಕಿಗೆ ಆರತಿ ಎತ್ತುವ ಮುಂಚೆ

ಒಂದು ಕುಕ್ಕರ್ ಕೊಳ್ಳಲು ನಾಲ್ಕು ಅಂಗಡಿ ಹತ್ತಿ ಇಳಿಯುವವರು ನಾವು. ಬಂಗುಡೆಯ ಕಿವಿರು ಎತ್ತಿ ನೋಡದೆ ಚೀಲಕ್ಕೆ ಹಾಕಿಸಿಕೊಂಡವರಲ್ಲ. ಆದರೆ ಮನೆಗೆ ನಲವತ್ತು ಐವತ್ತು ಸಾವಿರದ ಹಳೇ ಬೈಕ್ ಬರುತ್ತದೆ ಅಂದಾಗ ಮಾತ್ರ 'ಅದು ಗಂಡಸರ ವಿಷಯ' ಅಂತ ಸುಮ್ಮನಾಗುತ್ತೇವೆ. ಗಾಡಿ ಅಂಗಳಕ್ಕೆ ಬಂದ ಮೇಲೆ ಆರತಿ ತಟ್ಟೆ ಹಿಡಿದು ನಿಲ್ಲುವುದಷ್ಟೇ ನಮ್ಮ ಪಾಲಿನ ಕೆಲಸ. ಅದಕ್ಕಾಗಿ ಸೊಸೈಟಿಯಲ್ಲಿ ಅಡವಿಟ್ಟ ಬಳೆ ಯಾರದ್ದು ಅಂತ ಕೇಳಿ ನೋಡಿ!

ಗೆಳತಿಯರೇ, ಗಾಡಿ ನೋಡಲು ನೀವೂ ಹೋಗಿ. ಇಂಜಿನ್ ವಿಷಯ ಗೊತ್ತಿಲ್ಲ ಅನ್ನುವ ಅಳುಕು ಬೇಡ. ಅದನ್ನು ನೋಡಲು ಪರಿಚಯದ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದರಾಯಿತು. ಯಾರೂ ಸರಿಯಾಗಿ ನೋಡದೆ ಬಿಡುವುದು ಕಾಗದಪತ್ರವನ್ನು. ನೀವು ನೋಡಬೇಕಾದ್ದು ಅದನ್ನೇ.

ಮೊದಲು ಗಾಡಿಯ ಬಗ್ಗೆ ನಾಲ್ಕು ಮಾತು. ಪುತ್ತೂರು, ಮಂಗಳೂರು ಪೇಟೆಯವರಲ್ಲಿ ಒಂದು ನಂಬಿಕೆ ಉಂಟು. 'ಸವಣೂರು, ಕಾಣಿಯೂರು ಕಡೆಯ ಗಾಡಿಯಾದ್ರೆ ಕಣ್ಣು ಮುಚ್ಚಿ ತಗೊಳ್ಳಬಹುದು, ಮನೆಯಿಂದ ಪೇಟೆಗೆ ಬಿಟ್ರೆ ಓಡಿಯೇ ಇರುವುದಿಲ್ಲ' ಅಂತ. ಸವಣೂರಿನವಳಾಗಿ ಹೇಳ್ತೇನೆ, ದಯವಿಟ್ಟು ಕಣ್ಣು ತೆರೆದೇ ತಗೊಳ್ಳಿ. ನಮ್ಮ ಕಡೆ ಬೈಕು ಹೊರುವುದು ಬರೀ ಮನುಷ್ಯರನ್ನಲ್ಲ. ಅಡಿಕೆ ಗೋಣಿ, ಹಿಂಡಿ ಚೀಲ, ರಬ್ಬರ್ ಹಾಲಿನ ಕ್ಯಾನು ಎಲ್ಲವೂ ಅದರ ಮೇಲೆಯೇ. ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, ಅದಾಗಿ ಒಂದೂವರೆ ತಿಂಗಳಿಗೆ ಮತ್ತೊಮ್ಮೆ ಅಡಿಕೆಗೆ ಮದ್ದು ಬಿಡುತ್ತೇವಲ್ಲ, ಆ ಮೈಲುತುತ್ತೂ ಇದೇ ಕ್ಯಾರಿಯರಿನಲ್ಲಿ ಬರುತ್ತದೆ. ಮೈಲುತುತ್ತಿಗೆ ಕಬ್ಬಿಣ ತಿನ್ನುವ ಗುಣ ಇದೆ. ಹಾಗಾಗಿ ಟ್ಯಾಂಕಿನ ಹೊಳಪು ನೋಡಿ ಮರುಳಾಗದೆ ಸೀಟು ಎತ್ತಿಸಿ, ಕ್ಯಾರಿಯರಿನ ಬುಡ, ಮಡ್‌ಗಾರ್ಡಿನ ಒಳಮೈ, ಫುಟ್‌ರೆಸ್ಟಿನ ಬೋಲ್ಟುಗಳನ್ನು ಬಗ್ಗಿ ನೋಡಿ. ನೀಲಿ ಕಲೆ, ತುಕ್ಕು, ಅದರ ಮೇಲೆ ನಿನ್ನೆ ಮೊನ್ನೆ ಬಳಿದ ಕಪ್ಪು ಪೈಂಟು ಕಂಡರೆ ವಿಷಯ ಅರ್ಥವಾಗುತ್ತದೆ. ಪೇಟೆಯ ಗಾಡಿ ಪರವಾಗಿಲ್ಲ ಅಂತ ತಿಳಿಯಬೇಡಿ. ಕಡಲ ಬದಿಯ ಮನೆಯದ್ದಾದರೆ ಉಪ್ಪು ಗಾಳಿಗೆ ಅಷ್ಟೇ ತುಕ್ಕು ಹಿಡಿದಿರುತ್ತದೆ.

ಬೆಳಗ್ಗೆ ಬೇಗ ಹೋಗಿ, 'ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ' ಅಂತ ಹೇಳಿಯೇ ಹೋಗಿ. ತಣ್ಣಗಿರುವ ಇಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದರಲ್ಲೇ ಅದರ ಆರೋಗ್ಯ ತಿಳಿಯುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ ಅಂತ ಅರ್ಥ. ದೊಡ್ಡ ಖರ್ಚು ಕಾದಿದೆ. ಮೀಟರ್ 12 ಸಾವಿರ ಕಿಲೋಮೀಟರ್ ತೋರಿಸುತ್ತಾ ಬ್ರೇಕ್ ಪೆಡಲ್, ಫುಟ್‌ರೆಸ್ಟಿನ ರಬ್ಬರು ನುಣ್ಣಗೆ ಸವೆದಿದ್ದರೆ ಯಾವುದನ್ನು ನಂಬುವುದು? ರಬ್ಬರನ್ನು ನಂಬಿ. ಟಯರಿನ ಬದಿಯಲ್ಲಿ ಒಂದು ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. 'ಟಯರ್ ಈಗಷ್ಟೇ ಹಾಕ್ಸಿದ್ದು ಅಕ್ಕಾ' ಅಂದವರ ಮುಂದೆ ಇದನ್ನು ಓದಿ ಹೇಳಿ ನೋಡಿ, ಬೆಲೆ ತಾನಾಗಿ ಇಳಿಯುತ್ತದೆ! ಸ್ಕೂಟರಾದರೆ ಬೆಲ್ಟ್ ಬದಲಿಸಿದ್ದು ಯಾವಾಗ ಅಂತ ತಪ್ಪದೆ ಕೇಳಿ. ಉಳಿದದ್ದು ಮೆಕ್ಯಾನಿಕ್‌ಗೆ ಬಿಡಿ.

ಈಗ ಕಾಗದಕ್ಕೆ ಬರೋಣ. ಹಳೇ ಗಾಡಿ ಮಾರುವವರು ಒಂದು ಪ್ಲಾಸ್ಟಿಕ್ ಕವರ್ ಕೊಡುತ್ತಾರೆ. ಅದರಲ್ಲಿ ಆರ್‌ಸಿ, ಇನ್ಶೂರೆನ್ಸ್, ಜೊತೆಗೆ ಸೈನ್ ಹಾಕಿದ 29 ಮತ್ತು 30ನೇ ನಂಬರಿನ ಫಾರ್ಮುಗಳು. 'ಯಾವಾಗ ಬೇಕಾದ್ರೂ ಟ್ರಾನ್ಸ್‌ಫರ್ ಮಾಡಿಸ್ಕೊಳ್ಳಿ' ಅನ್ನುತ್ತಾರೆ. ಆ ಕವರು ಕಪಾಟು ಸೇರಿತೆಂದರೆ ಹೊರಗೆ ಬರುವುದು ಏನಾದರೂ ಅನಾಹುತವಾದಾಗಲೇ. ಮೋಟಾರು ವಾಹನ ಕಾಯಿದೆ ಪ್ರಕಾರ ಗಾಡಿ ಕೈ ಬದಲಾದದ್ದನ್ನು ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ತಿಳಿಸದಿದ್ದರೆ ಏನಾಗುತ್ತದೆ? ಹಲವು ಕೈ ದಾಟಿದ್ದ ಒಂದು ವಾಹನ ಅಪಘಾತ ಮಾಡಿದ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು, ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಅಂತ. ಎಂದೋ ಮಾರಿಬಿಟ್ಟಿದ್ದೆ ಅನ್ನುವ ಮಾತು ಅಲ್ಲಿ ನಡೆಯಲಿಲ್ಲ.

ಇದು ನಮಗೆ ಎರಡು ಕಡೆಯಿಂದ ತಗಲುತ್ತದೆ. ಎಷ್ಟೋ ಮನೆಗಳಲ್ಲಿ ಸ್ಕೂಟಿ ಇರುವುದು ಹೆಂಡತಿಯ ಹೆಸರಿನಲ್ಲಿ. ಅದನ್ನು ಎಕ್ಸ್‌ಚೇಂಜಿಗೆ ಕೊಡುವಾಗ 'ಇಲ್ಲೊಂದು ಸೈನ್ ಹಾಕು' ಅಂತಾರೆ, ನಾವು ಸಾಂಬಾರಿಗೆ ಒಗ್ಗರಣೆ ಹಾಕುತ್ತಾ ಹಾಕಿಬಿಡುತ್ತೇವೆ. ಆ ಸ್ಕೂಟಿ ಎಲ್ಲಿಗೆ ಹೋಯಿತು, ಯಾರು ಓಡಿಸುತ್ತಿದ್ದಾರೆ ಗೊತ್ತಿಲ್ಲ. ಆದರೆ ನೋಟಿಸು ಬರುವುದು ನಮ್ಮ ವಿಳಾಸಕ್ಕೆ! ಹಳೇ ಗಾಡಿ ವ್ಯಾಪಾರದವರಿಗೆ 2023ರ ಏಪ್ರಿಲ್‌ನಿಂದ ಹೊಸ ನಿಯಮ ಬಂದಿದೆ. ಅವರು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದಿರಬೇಕು, ಅಂಥವರಿಗೆ ಗಾಡಿ ಒಪ್ಪಿಸುವಾಗ 29ಸಿ ಫಾರ್ಮಿನಲ್ಲಿ ತಿಳಿಸಬೇಕು. ಬ್ರೋಕರ್ 'ಅದೆಲ್ಲ ಬೇಡ' ಅಂದರೆ ಅವನಿಗೆ ಗಾಡಿಯೂ ಬೇಡ ಅಂತಲೇ ನನ್ನ ಅಭಿಪ್ರಾಯ.

ಕೊಳ್ಳುವಾಗ ಏನು ಮಾಡಬೇಕು? ಪೂರ್ತಿ ದುಡ್ಡು ಒಮ್ಮೆಗೇ ಕೊಡಬೇಡಿ. ಸ್ವಲ್ಪ ಹಿಡಿದಿಟ್ಟು, ಆರ್‌ಸಿಯಲ್ಲಿ ಹೆಸರು ಬದಲಾದ ದಿನ ಕೊಡುತ್ತೇವೆ ಅಂತ ಮೊದಲೇ ಮಾತಾಡಿಕೊಳ್ಳಿ. ಪುತ್ತೂರಿನ ಗಾಡಿಗಳಿಗೆ ಕೆಎ 21 ನಂಬರು. ಅರ್ಜಿಯನ್ನು ಪರಿವಾಹನ್ ಜಾಲತಾಣದಲ್ಲಿ ಹಾಕುವಾಗ ಆರ್‌ಸಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಆ ನಂಬರ್ ಈಗಲೂ ಮಾರುವವರ ಕೈಯಲ್ಲಿದೆಯೇ ಅಂತ ಅಲ್ಲೇ ಫೋನ್ ಮಾಡಿ ನೋಡಿ. ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಅಂಕಿ ಅಂಕಿ ಹೋಲಿಸಿ. ಬ್ಯಾಂಕಿನ ಸಾಲ ಇದ್ದ ಗಾಡಿಯಾದರೆ ಸಾಲ ತೀರಿದ ಪತ್ರ ಮತ್ತು 35ನೇ ಫಾರ್ಮ್ ಬೇಕು. ಆರ್‌ಸಿಯಲ್ಲಿರುವವರು ತೀರಿಕೊಂಡಿದ್ದರೆ ಮಗನೋ ಅಳಿಯನೋ ಸೈನ್ ಹಾಕಿ ಮಾರುವಂತಿಲ್ಲ, ಮೊದಲು ಗಾಡಿ ವಾರಸುದಾರರ ಹೆಸರಿಗೆ ಬರಬೇಕು. ನೋಂದಣಿಗೆ 15 ವರ್ಷ ತುಂಬುತ್ತಾ ಬಂದ ಬೈಕು ಅಗ್ಗಕ್ಕೆ ಸಿಗುತ್ತದೆ, ನವೀಕರಣದ ಖರ್ಚು ನಿಮ್ಮ ತಲೆಗೆ. ಗಡಿಯಾಚೆ ಕಾಸರಗೋಡಿನ ಕೆಎಲ್ 14 ಗಾಡಿಗಳೂ ನಮ್ಮ ಕಡೆ ಬೇಕಾದಷ್ಟು ಬರುತ್ತವೆ. ಅದಕ್ಕೆ ಅಲ್ಲಿನ ಎನ್‌ಒಸಿ ಬೇಕು, ಇಲ್ಲಿನ ತೆರಿಗೆ ಕಟ್ಟಿ ಹೊಸ ನಂಬರ್ ಮಾಡಿಸಬೇಕು. ಅದನ್ನೆಲ್ಲ ಕೂಡಿಸಿ ನೋಡಿದರೆ ಅಗ್ಗ ಅನಿಸುವುದಿಲ್ಲ.

ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಬರಬೇಕು, ಅದಕ್ಕೆ 14 ದಿನದೊಳಗೆ ಅರ್ಜಿ ಕೊಡಬೇಕು. ಎದುರಿನವರಿಗೆ ಪೆಟ್ಟಾದರೆ ಹಳೇ ಪಾಲಿಸಿ ನಡೆಯುತ್ತದೆ ನಿಜ. ಆದರೆ ನಿಮ್ಮ ಗಾಡಿಯೇ ಕಳವಾದರೆ, ಜಖಂ ಆದರೆ ಪಾಲಿಸಿ ಬೇರೆಯವರ ಹೆಸರಲ್ಲಿದೆ ಅಂತ ಕಂಪನಿ ಕೈಯೆತ್ತಬಹುದು.

ಇನ್ನು ಆರ್‌ಸಿ ಯಾರ ಹೆಸರಲ್ಲಿ ಇರಬೇಕು? 'ನಿನ್ನ ಜಾತಕಕ್ಕೆ ವಾಹನ ಯೋಗ ಉಂಟು, ನಿನ್ನ ಹೆಸರಲ್ಲೇ ಮಾಡಿಸೋಣ' ಅಂತ ಯಜಮಾನರು ಹೇಳಿದರೆ ಖುಷಿಯಾಗುತ್ತದೆ, ಅಲ್ವೇ? ನಾನು ಮಾತ್ರ ಒಪ್ಪುವುದಿಲ್ಲ. ದಿನವೂ ಓಡಿಸುವುದು ನೀವಾದರೆ ಧಾರಾಳವಾಗಿ ನಿಮ್ಮ ಹೆಸರಿಗೆ ಮಾಡಿಸಿ. ಬಳೆ ನಿಮ್ಮದು, ಗಾಡಿಯೂ ನಿಮ್ಮದಾಗಲಿ. ಸರ್ಕಾರಿ ಬಸ್ಸು 2023ರಿಂದ ನಮಗೆ ಫ್ರೀ, ಆದರೆ ಮುಖ್ಯ ರಸ್ತೆಯಿಂದ ಒಳಗಿರುವ ಮನೆಯ ತನಕ ಅದು ಬರುವುದಿಲ್ಲವಲ್ಲ! ಆದರೆ ಓಡಿಸುವುದು ಅವರಾದರೆ ಅವರ ಹೆಸರೇ ಇರಲಿ. ಪಾಲಿಸಿಯಲ್ಲಿ 'ಓನರ್ ಡ್ರೈವರ್' ಅಂತ 15 ಲಕ್ಷದ ಅಪಘಾತ ವಿಮೆ ಇರುತ್ತದೆ. ಅದು ಸಿಗುವುದು ಮಾಲೀಕರೇ, ಲೈಸೆನ್ಸ್ ಇಟ್ಟುಕೊಂಡು ಓಡಿಸುತ್ತಿದ್ದಾಗ. ಗಾಡಿ ನಿಮ್ಮದು, ಓಡಿಸಿದ್ದು ಅವರು ಅಂತಾದರೆ ಏನಾದರೂ ಆದ ದಿನ ಆ ದುಡ್ಡು ಮನೆಗೆ ಬರುವುದಿಲ್ಲ. ಬೇರೆಯವರ ಬೈಕ್ ಕೇಳಿ ಪಡೆದು ಹೋಗಿ ಸತ್ತವರೊಬ್ಬರ ಹೆಂಡತಿ ಪರಿಹಾರಕ್ಕಾಗಿ ಕೋರ್ಟು ಹತ್ತಿಳಿದ ಪ್ರಕರಣ ನಮ್ಮ ಕರ್ನಾಟಕದ್ದೇ. ಓಡಿಸುತ್ತಿದ್ದವರು ಮಾಲೀಕನ ಜಾಗದಲ್ಲಿ ನಿಂತ ಹಾಗೆ, ಆದ್ದರಿಂದ ತಪ್ಪು ಯಾರದ್ದೆಂದು ನೋಡದೆ ಕೊಡುವ ಪರಿಹಾರ ಅವರಿಗೆ ಅನ್ವಯಿಸದು ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಅಮ್ಮನ ಹೆಸರಿನ ಗಾಡಿ ಪಿಯುಸಿ ಓದುವ ಮಗನ ಕೈಗೆ ಹೋಗುವುದೂ ನಮ್ಮೂರಲ್ಲಿ ಮಾಮೂಲು. 18 ತುಂಬದ ಮಕ್ಕಳು ಓಡಿಸಿ ಏನಾದರೂ ಅಪರಾಧವಾದರೆ, 2019ರ ತಿದ್ದುಪಡಿ ಪ್ರಕಾರ ಗಾಡಿಯ ಮಾಲೀಕರಿಗೆ ಅಥವಾ ಪೋಷಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿಯೂ 12 ತಿಂಗಳು ರದ್ದು. ಅಮ್ಮನೇ ಮಾಲಕಿಯೂ ಪೋಷಕಿಯೂ ಆದಾಗ ತಪ್ಪಿಸಿಕೊಳ್ಳುವುದು ಕಷ್ಟ. ಲೈಸೆನ್ಸ್ ಕೈಗೆ ಬರುವ ತನಕ ಕೀ ನಿಮ್ಮ ಸಾಸಿವೆ ಡಬ್ಬಿಯಲ್ಲೇ ಇರಲಿ.