ಕುಡುಕನ ಕ್ಯಾಸೆಟ್ಟು, ಅವ್ವನ ನಗು

ಅಕ್ಟೋಬರ್ 13, ಸೋಮವಾರ. ಪುಣೆಯ ಆಫೀಸಿನಲ್ಲಿ ದಿನದ ಕೊನೆಯ ಮೀಟಿಂಗ್ ಮುಗಿಸಿ ಮೊಬೈಲ್ ನೋಡಿದರೆ ನಮ್ಮೂರ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜುಗಳ ಮಳೆ. ಯಾರದೋ ಮದುವೆ ಫಿಕ್ಸ್ ಆಗಿರಬೇಕು ಅಂದುಕೊಂಡು ತೆರೆದೆ. ಎಲ್ಲ ಕಡೆ ಒಂದೇ ಫೋಟೊ, ರಾಜು ತಾಳಿಕೋಟಿ. ಉಡುಪಿ ಕಡೆ ಸಿನಿಮಾ ಶೂಟಿಂಗಿಗೆ ಹೋದವರಿಗೆ ಹೃದಯಾಘಾತವಾಗಿ, ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರಂತೆ.

ಐದು ನಿಮಿಷದೊಳಗೆ ಎಲ್ಲರ ಸ್ಟೇಟಸ್ಸಿನಲ್ಲೂ ಅವರೇ. ‘ಮನಸಾರೆ’ ಸಿನಿಮಾದ ಒಂದು ತುಣುಕು, ‘ಬಿಗ್ ಬಾಸ್’ ಮನೆಯ ಒಂದು ತುಣುಕು, ಕೆಳಗೆ ಕೈಮುಗಿದ ಎರಡು ಚಿತ್ರ. ನಾನೂ ಒಂದು ಹಾಕಿದೆ. ಆಮೇಲೆ ಕ್ಯಾಬ್ ಬಂತು, ಮನೆಗೆ ಹೋದೆ, ಅನ್ನಕ್ಕೆ ಇಟ್ಟೆ. ಕುಕ್ಕರ್ ಮೂರನೇ ಸೀಟಿ ಹೊಡೆಯುವ ಹೊತ್ತಿಗೆ ಯಾಕೋ ಗಂಟಲು ಕಟ್ಟಿತು. ನೆನಪಾಗಿದ್ದು ಸಿನಿಮಾ ಅಲ್ಲ, ಬಿಗ್ ಬಾಸ್ ಅಲ್ಲ. ಯಮಕನಮರಡಿಯ ನಮ್ಮ ಮನೆಯ ಪಡಸಾಲೆ, ಅಲ್ಲಿದ್ದ ಟೇಪ್ ರೆಕಾರ್ಡರ್, ಅದರ ಮುಂದೆ ಗೋಡೆಗೆ ಆತುಕೊಂಡು ಕೂತು ನಗುತ್ತಿದ್ದ ಅಪ್ಪ.

ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೆ ರಾಜು ತಾಳಿಕೋಟಿ ಅಂದರೆ ಯೋಗರಾಜ್ ಭಟ್ಟರ ಸಿನಿಮಾಗಳ ಹಾಸ್ಯನಟ. 2009ರ ‘ಮನಸಾರೆ’, 2010ರ ‘ಪಂಚರಂಗಿ’. ನಮಗೆ ಅದಕ್ಕೂ ಮೊದಲೇ ಗೊತ್ತಿದ್ದ ದನಿ ಅದು. ಮುಖ ಆಮೇಲೆ ನೋಡಿದ್ದು. ‘ಕಲಿಯುಗದ ಕುಡುಕ’ ನಾಟಕದ ಕ್ಯಾಸೆಟ್ಟು ಇಲ್ಲದ ಊರು ನಮ್ಮ ಕಡೆ ಇರಲಿಲ್ಲ. ಪಾನಂಗಡಿಯಲ್ಲಿ ಅದೇ, ಕ್ಷೌರದ ಅಂಗಡಿಯಲ್ಲಿ ಅದೇ, ಸಂಕೇಶ್ವರಕ್ಕೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನ ಡೆಕ್ಕಿನಲ್ಲೂ ಅದೇ. ಮುಂದಿನ ಮಾತು ಏನು ಅಂತ ಎಲ್ಲರಿಗೂ ಬಾಯಿಪಾಠ. ಆದರೂ ಆ ಮಾತು ಬರುವ ತನಕ ತಡೆದು ನಿಂತು, ಬಂದ ಕೂಡಲೇ ಮೊದಲ ಸಲ ಕೇಳಿದವರ ಹಾಗೆ ನಗುತ್ತಿದ್ದರು.

ನಮ್ಮ ಮನೆಯ ಕ್ಯಾಸೆಟ್ಟು ಕೊಂಡಿದ್ದಲ್ಲ. ಖಾಲಿ ಕ್ಯಾಸೆಟ್ಟು ಕೊಟ್ಟು ಅಂಗಡಿಯಲ್ಲಿ ತುಂಬಿಸಿಕೊಂಡು ಬಂದದ್ದು. ಮೇಲೆ ನೀಲಿ ಶಾಯಿಯಲ್ಲಿ ಅಪ್ಪನ ಅಕ್ಷರ, ‘ಕುಡುಕ’ ಅಂತ ಮೂರೇ ಅಕ್ಷರ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತೇನೆ.

ಇನ್ನೊಂದು ವಿಷಯ ಹೇಳಿಬಿಡಬೇಕು. ನಮ್ಮಪ್ಪ ಕುಡಿಯುತ್ತಿದ್ದ. ದಿನಾ ಅಲ್ಲ, ಪಗಾರದ ವಾರ ಮತ್ತು ಅದರ ಮುಂದಿನ ವಾರ. ಅಪ್ಪ ಕುಡಿದು ಬಂದ ರಾತ್ರಿ ನಮ್ಮ ಮನೆಯಲ್ಲಿ ಟೇಪು ಹಚ್ಚುತ್ತಿರಲಿಲ್ಲ. ಕುಡಿಯದ ದಿನ, ಕೈಕಾಲು ತೊಳೆದು, ಊಟ ಆದ ಮೇಲೆ ‘ಕುಡುಕ’ನನ್ನು ಹಚ್ಚಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ನಾನು, ತಮ್ಮ ಅಪ್ಪನ ಜೊತೆ ಕೂತು ನಗುತ್ತಿದ್ದೆವು. ಅವ್ವ ಮಾತ್ರ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಪಾತ್ರೆ ತಿಕ್ಕುವ ಸದ್ದು ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ. ನನಗೆ ಆಗ ಅವ್ವನ ಮೇಲೇ ಸಿಟ್ಟು. ಇಷ್ಟು ನಗು ಬರುವಾಗ ಇವಳು ಯಾಕೆ ನಗುವುದಿಲ್ಲ ಅಂತ.

ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಲಿವರ್ ಅಂದರು ಡಾಕ್ಟರು.

ಈ ಸಲ ದೀಪಾವಳಿಗೆ ಊರಿಗೆ ಹೋದಾಗ ರಾಜು ತಾಳಿಕೋಟಿ ತೀರಿಕೊಂಡು ಹತ್ತು ದಿನವೂ ಆಗಿರಲಿಲ್ಲ. ಕೊಲ್ಲಾಪುರ ದಾಟಿ, ನಿಪ್ಪಾಣಿ ದಾಟಿ, ಸಂಕೇಶ್ವರ ಬಂತು ಅನ್ನುವಾಗ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನ ಹುಡುಗ ಮೊಬೈಲಿನಲ್ಲಿ ಅದೇ ನಾಟಕ ಹಚ್ಚಿದ್ದ. ಇಯರ್‌ಫೋನ್ ಇಲ್ಲ. ಬೇರೆ ದಿನ ಆಗಿದ್ದರೆ ಯಾರಾದರೂ ಗದರುತ್ತಿದ್ದರು. ಅವತ್ತು ಯಾರೂ ಏನೂ ಅನ್ನಲಿಲ್ಲ. ಪಕ್ಕದ ಅಜ್ಜ ಒಬ್ಬರು ‘ಆವಾಜ್ ಏರ್ಸೊ ತಮ್ಮಾ’ ಅಂದರು. ಹತ್ತರಗಿ ಟೋಲ್ ನಾಕಾ ಬರುವ ತನಕ ಅರ್ಧ ಬಸ್ಸು ನಗುತ್ತಾ ಬಂತು. ನಾನು ನೋಡಿದ ಶ್ರದ್ಧಾಂಜಲಿ ಸಭೆಗಳಲ್ಲಿ ಇದಕ್ಕಿಂತ ಚೊಲೋದು ಇನ್ನೊಂದಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ‘ಗೊತ್ತೈತಿ, ಟೀವ್ಯಾಗ ನೋಡಿನಿ’ ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ನಾಟಕ ನಿನ್ನ ಫೋನಿನ್ಯಾಗ ಸಿಗತೈತೇನು?’ ಅಂತ ಕೇಳಿದಳು.

‘ಸಿಗತೈತಿ. ಯಾಕ?’

‘ಹಚ್ಚು. ನಾ ಅದನ್ನ ಪೂರ್ತಿ ಒಮ್ಮೆನೂ ಕೇಳೇ ಇಲ್ಲ.’

ಅವ್ವ ಸೊಪ್ಪು ಸೋಸುತ್ತಾ ಕೂತಳು, ನಾನು ಮೊಬೈಲನ್ನು ಸ್ಟೀಲ್ ಡಬ್ಬಿಗೆ ಆನಿಸಿ ಇಟ್ಟೆ. ಮೊದಲ ಕಾಲು ತಾಸು ಅವಳ ಮುಖದಲ್ಲಿ ಏನೂ ಇಲ್ಲ. ಆಮೇಲೆ ಒಂದು ಕಡೆ ತುಟಿ ಬಿಗಿದಳು. ಇನ್ನೊಂದು ಕಡೆ ಸೆರಗು ಬಾಯಿಗೆ ಒತ್ತಿಕೊಂಡಳು. ಮುಂದೆ ತಡೆಯಲಾಗದೆ ಸೊಪ್ಪು ಪಕ್ಕಕ್ಕಿಟ್ಟು ನಕ್ಕಳು. ಅಪ್ಪ ನಗುತ್ತಿದ್ದ ಅದೇ ಜಾಗದಲ್ಲಿ, ಅದೇ ಮಾತಿಗೆ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಾಟಕ ಮುಗಿದ ಮೇಲೆ ಕೇಳಿಯೇಬಿಟ್ಟೆ. ‘ಆಗ ಯಾಕ ಹೊರಗ ಬರತಿದ್ದಿಲ್ಲವ್ವಾ? ಇಷ್ಟ ಚೊಲೋ ಐತಿ.’

ಅವ್ವ ಹೇಳಿದ ಮಾತು ಇದು: ‘ಚೊಲೋ ಇದ್ದದ್ದಕ್ಕನ ಬರತಿದ್ದಿಲ್ಲ. ಅಂವಾ ವೇಷ ಹಾಕ್ಕೊಂಡು ಕುಡುಕ ಆಗತಿದ್ದ. ಪರದೆ ಬಿದ್ದ ಮ್ಯಾಲೆ ಬಣ್ಣ ಒರಸ್ಕೊಂಡು ಮನಷಾ ಆಗತಿದ್ದ. ನಿಮ್ಮಪ್ಪಂದು ಬಣ್ಣ ಅಲ್ಲಲಾ ಹುಡುಗಿ, ಒರಸಿದ್ರ ಹೋಗಾಕ. ಅವತ್ತ ನಕ್ಕಿದ್ರ ನಿಮ್ಮಪ್ಪಗ ನಾ ಒಪ್ಪಿಕೊಂಡಂಗ ಆಗತಿತ್ತು.’

ನನ್ನ ಬಾಯಿ ಕಟ್ಟಿತು. ಎಷ್ಟು ವರ್ಷ ಈ ಹೆಂಗಸು ನಗು ನುಂಗಿಕೊಂಡು ಪಾತ್ರೆ ತಿಕ್ಕಿದ್ದಾಳೆ! ನಾವು ಮಕ್ಕಳು ಅವಳಿಗೆ ಹಾಸ್ಯ ತಿಳಿಯುವುದಿಲ್ಲ ಅಂದುಕೊಂಡಿದ್ದೆವು.

ಅವ್ವ ಹೇಳಿದ್ದರಲ್ಲಿ ನಟನೆಯ ಬಗ್ಗೆಯೂ ಒಂದು ಮಾತಿದೆ. ಕುಡುಕನ ಪಾತ್ರ ಮಾಡುವವನಿಗೆ ಉಳಿದವರಿಗಿಂತ ಹೆಚ್ಚು ಎಚ್ಚರ ಬೇಕು. ಕಾಲು ಎಷ್ಟು ತೂರಾಡಬೇಕು, ನಾಲಿಗೆ ಎಷ್ಟು ತೊದಲಬೇಕು, ತೊದಲಿದರೂ ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಪ್ರತಿ ಅಕ್ಷರ ಕೇಳಬೇಕು. ಜನ ನಕ್ಕಾಗ ಮಾತು ನಿಲ್ಲಿಸಬೇಕು, ನಗು ಪೂರ್ತಿ ಆರುವ ಮೊದಲು ಮುಂದಿನ ಮಾತು ಎತ್ತಬೇಕು. ಅಷ್ಟು ಲೆಕ್ಕ ಇಟ್ಟುಕೊಂಡು, ಲೆಕ್ಕವೇ ಇಲ್ಲದವನ ಹಾಗೆ ಕಾಣಬೇಕು. ಕ್ಯಾಸೆಟ್ಟಿನಲ್ಲಂತೂ ತೂರಾಟ ಕಾಣುವುದಿಲ್ಲ. ಬರೀ ದನಿಯಲ್ಲೇ ಕುಡುಕ ನಮ್ಮ ಪಡಸಾಲೆಗೆ ನಡೆದು ಬರಬೇಕಿತ್ತು. ಬರುತ್ತಿದ್ದ.

ಈ ವಿದ್ಯೆ ಅವರು ಕಲಿತದ್ದು ಕಂಪನಿ ನಾಟಕದಲ್ಲಿ. ವಿಜಯಪುರ ಜಿಲ್ಲೆ ಸಿಂದಗಿ ತಾಲ್ಲೂಕಿನ ಚಿಕ್ಕಸಿಂದಗಿಯವರು. ಹೆಸರು ರಾಜೇಸಾಬ, ಜನರ ಬಾಯಲ್ಲಿ ರಾಜು ತಾಳಿಕೋಟಿ. ಶಾಲೆಗಿಂತ ರಂಗದ ಮೇಲೆಯೇ ಬೆಳೆದವರು. ಕಡೆಗೆ 2024ರಲ್ಲಿ ಧಾರವಾಡ ರಂಗಾಯಣಕ್ಕೆ ನಿರ್ದೇಶಕರಾದರು. ತಗಡಿನ ಥೇಟರಿನಲ್ಲಿ ಕುಡುಕನ ಪಾರ್ಟು ಮಾಡುತ್ತಿದ್ದವರು ಸರ್ಕಾರದ ರಂಗಸಂಸ್ಥೆಯ ನಿರ್ದೇಶಕರ ಕುರ್ಚಿಯಲ್ಲಿ ಕೂತಾಗ ನಮ್ಮ ಕಡೆಯವರಿಗೆ ತಮ್ಮ ಮನೆಯವರೇ ಕೂತಷ್ಟು ಖುಷಿ. ಮಾತು ಮಾತ್ರ ಎಲ್ಲೂ ಬದಲಾಯಿಸಲಿಲ್ಲ. ಸಿನಿಮಾದಲ್ಲೂ ಅದೇ, ಟೀವಿಯಲ್ಲೂ ಅದೇ. ಆಫೀಸಿನಲ್ಲಿ ‘ಬರಾಕತ್ತೀನಿ’ ಅನ್ನಲು ನಾಚಿ ‘ಬರ್ತಾ ಇದೀನಿ’ ಅನ್ನುವ ನನ್ನಂಥವರಿಗೆ ಅದು ಸಣ್ಣ ಮಾತಲ್ಲ.

ನಮ್ಮ ಸೀಮೆಗೆ ನಾಟಕ ಹೊಸದೇನಲ್ಲ. ‘ಶ್ರೀಕೃಷ್ಣ ಪಾರಿಜಾತ’ದ ಹೆಸರು ಹೇಳಿದರೆ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ನೆನಪಾಗುತ್ತಾರೆ. ಚಂದ್ರಶೇಖರ ಕಂಬಾರರು ಹುಟ್ಟಿದ್ದು ನಮ್ಮ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ. ಸವದತ್ತಿ ಕಡೆಯ ಏಣಗಿ ಬಾಳಪ್ಪನವರು ನೂರು ದಾಟಿ ಬದುಕಿ 2017ರ ಆಗಸ್ಟ್‌ನಲ್ಲಿ ಹೋದರು. ಅವರು ಹೋದಾಗಲೂ ಎಲ್ಲರೂ ‘ಒಂದು ಯುಗ ಮುಗಿಯಿತು’ ಅಂದರು. ಯುಗ ಮುಗಿಯಿತು ಅನ್ನುವುದು ಬಹಳ ಸುಲಭ. ಆ ಮಾತು ಹೇಳಿದ ಮೇಲೆ ನಮ್ಮದೇನೂ ಕೆಲಸ ಉಳಿಯುವುದಿಲ್ಲ ನೋಡಿ.

ಕೆಲವರ ನೆನಪು ಕೆಲಸವಾಗಿ ಉಳಿದಿದೆ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದರು, 46 ವರ್ಷ. ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಅದನ್ನು ನೋಡಿ ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಲು ಸಾಲುಗಟ್ಟಿದರು. ನಮ್ಮ ಗ್ರೂಪಿನ ಹುಡುಗರೂ ಬರೆಸಿದರು, ನಾನೂ ಬರೆಸಿದೆ. ಅದೇ ವರ್ಷದ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಹೋದ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದ್ದರು. 2024ರ ಜುಲೈನಲ್ಲಿ ಹೋದ ಅಪರ್ಣಾ ಅವರ ದನಿಯನ್ನು ಬೆಂಗಳೂರಿನ ಗೆಳತಿಯರು ಮೆಟ್ರೊದಲ್ಲಿ ಮುಂದಿನ ನಿಲ್ದಾಣದ ಹೆಸರಿನೊಂದಿಗೆ ಕೇಳಿಸಿಕೊಂಡಿದ್ದಾರೆ. ‘ಒಮ್ಮೊಮ್ಮೆ ಬಾಗಿಲು ತೆಗೆದರೂ ಇಳಿಯಲು ಮನಸ್ಸಾಗೋದಿಲ್ಲ ಕಣೆ’ ಅಂದಳು ಒಬ್ಬಳು.

ಹಾಗಾದರೆ ನಮ್ಮ ರಾಜು ತಾಳಿಕೋಟಿಗೆ ನಾವು ಮಾಡುವುದೇನು? ಸ್ಟೇಟಸ್ಸು ಇಪ್ಪತ್ನಾಲ್ಕು ತಾಸಿಗೆ ತಾನೇ ಅಳಿಸಿಹೋಗುತ್ತದೆ.

ಈಗ ಆ ನೀಲಿ ಶಾಯಿಯ ಕ್ಯಾಸೆಟ್ಟಿಗೆ ಬರುತ್ತೇನೆ. ಅವತ್ತು ರಾತ್ರಿ ಲೆಕ್ಕ ಹಾಕಿದೆ. ನಮ್ಮ ಮನೆಯಲ್ಲಿ ‘ಕುಡುಕ’ ನೂರು ಸಲವಾದರೂ ಓಡಿರಬೇಕು. ಅದಕ್ಕೆ ನಾವು ಆ ಮನುಷ್ಯನಿಗೆ ಕೊಟ್ಟದ್ದು ಎಷ್ಟು? ಒಂದು ರೂಪಾಯಿಯೂ ಇಲ್ಲ. ತುಂಬಿಸಿದ ಅಂಗಡಿಯವನಿಗೆ ಕೊಟ್ಟಿರಬಹುದು. ಆಮೇಲೆ ಸೀಡಿ ಬಂತು, ಅದೂ ಯಾರೋ ಕೊಟ್ಟದ್ದು. ಈಗ ಯೂಟ್ಯೂಬು, ಅದೂ ಪುಕ್ಕಟೆ. ಅಪ್ಪನ ಎಷ್ಟೋ ಒಳ್ಳೆಯ ಸಂಜೆಗಳನ್ನು ನಮಗೆ ಕೊಟ್ಟ ಕಲಾವಿದನ ಮುಂದೆ ನಾವು ಒಂದು ಸಲವೂ ತಿಕೀಟು ತೆಗೆದು ಕೂತಿಲ್ಲ. ನಾನು ಅಭಿಮಾನಿ ಅಂತ ಸ್ಟೇಟಸ್ ಹಾಕಿದ್ದೆನಲ್ಲ, ನಾಚಿಕೆಯಾಯಿತು.

ಕಂಪನಿ ನಾಟಕ ಅಂದರೆ ಒಬ್ಬ ನಟನಷ್ಟೇ ಅಲ್ಲ. ಪರದೆ ಎಳೆಯುವವನು, ಪೇಟಿ ಬಾರಿಸುವವನು, ಅಡುಗೆಯವಳು, ರಿಕ್ಷಾದಲ್ಲಿ ಮೈಕು ಕಟ್ಟಿಕೊಂಡು ಊರು ಸುತ್ತಿ ಕೂಗುವವನು, ತೊಟ್ಟಿಲನ್ನು ಸೈಡ್ ವಿಂಗಿನಲ್ಲಿ ಕಟ್ಟಿ ರಂಗದ ಮೇಲೆ ಹೋಗುವ ತಾಯಿ. ಇವರೆಲ್ಲರ ಊಟ ಅವತ್ತಿನ ಗಲ್ಲಾ ಪೆಟ್ಟಿಗೆಯ ಮೇಲೆ. ಮಳೆ ಬಂದರೆ ಅವತ್ತಿನ ದುಡಿಮೆ ನೀರಿನಲ್ಲಿ. ಕೊರೋನಾ ಕಾಲದಲ್ಲಿ ಜಾತ್ರೆಗಳೇ ನಿಂತಾಗ ಇವರ ಒಲೆಯೂ ನಿಂತಿತು. ಅಲ್ಲಿ ಈಗಲೂ ಯಾವುದೋ ಹುಡುಗ ಕುಡುಕನ ಪಾರ್ಟು ಕಲಿಯುತ್ತಿರಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎತ್ತಬೇಕು ಅಂತ. ಅದನ್ನು ಅವನಿಗೆ ಕಲಿಸಲು ಎದುರಿಗೆ ಜನ ಬೇಕು. ಕ್ಯಾಮೆರಾ ನಗುವುದಿಲ್ಲ.

ಅದಕ್ಕೇ ಒಂದು ತೀರ್ಮಾನ ಮಾಡಿದ್ದೇವೆ. ಜನವರಿಯಲ್ಲಿ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ಸಾಲಾಗಿ ನಾಟಕ ಕಂಪನಿಗಳು ಬಂದು ಕ್ಯಾಂಪು ಹಾಕುತ್ತವೆ, ದಿನಗಟ್ಟಲೆ ಆಟ ನಡೆಯುತ್ತದೆ. ನಾನು ಎರಡು ದಿನ ರಜೆ ಹಾಕುತ್ತೇನೆ. ತಮ್ಮ ಬೆಂಗಳೂರಿನಿಂದ ಬರುತ್ತಾನೆ. ನೀವೂ ಬನ್ನಿ. ಅಷ್ಟು ದೂರ ಆಗದಿದ್ದರೆ ನಿಮ್ಮೂರ ಜಾತ್ರೆಗೆ ಯಾವ ಕಂಪನಿ ಬರುತ್ತದೆ ವಿಚಾರಿಸಿ. ಒಂದು ಪಿಜ್ಜಾದ ದುಡ್ಡಿನಲ್ಲಿ ಮನೆ ಮಂದಿಯೆಲ್ಲ ನೋಡಬಹುದು. ರೀಲ್ಸ್ ಮಾಡಬೇಡಿ ಅನ್ನುವುದಿಲ್ಲ, ಮೊದಲು ತಿಕೀಟು ತೆಗೆಯಿರಿ ಅಷ್ಟೇ.

ಅವ್ವನನ್ನು ಕೇಳಿದೆ, ‘ನಾಟಕದಾಗ ಕುಡುಕನ ಪಾರ್ಟ್ ಬಂದ್ರ ಎದ್ದು ಹೋಗೋದಿಲ್ಲಲಾ?’

‘ಯಾಕ ಎದ್ದು ಹೋಗಲಿ? ಈಗ ಮನ್ಯಾಗ ಯಾರೂ ಕುಡ್ಯಾವ್ರಿಲ್ಲ, ನಗಾಕ ಏನ್ ಹೆದರಿಕಿ’ ಅಂದಳು. ಒಂದು ಕ್ಷಣ ಬಿಟ್ಟು, ‘ನಿಮ್ಮಪ್ಪ ಇರಬೇಕಿತ್ತು’ ಅಂತಲೂ ಅಂದಳು. ಆಮೇಲೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಾ, ‘ಕುರ್ಚಿ ತಿಕೀಟ ತಗಿ ಹುಡುಗಿ. ನೆಲದ ಮ್ಯಾಲೆ ಕುಂಡ್ರಾಕ ನನ್ನ ಮೊಣಕಾಲ ಒಪ್ಪೂದಿಲ್ಲ.’