ಪಶ್ಚಾತ್ ಕಂಪನ: ಅಂಕಿ ಚಿಕ್ಕದಾದರೆ ಅಪಾಯವೂ ಚಿಕ್ಕದೇ?

ಎಲ್ಲಿಯೇ ದೊಡ್ಡ ಭೂಕಂಪ ಸಂಭವಿಸಲಿ, ಮರುದಿನದ ಪತ್ರಿಕೆಗಳಲ್ಲಿ ಎರಡು ಅಂಕಿಗಳು ಅಕ್ಕಪಕ್ಕದಲ್ಲಿ ಕಾಣಿಸಿಕೊಳ್ಳುತ್ತವೆ. ಒಂದು ಮುಖ್ಯ ಕಂಪನದ ಪ್ರಮಾಣ, ಇನ್ನೊಂದು ಪಶ್ಚಾತ್ ಕಂಪನದ್ದು. ಎರಡನೆಯದು ಚಿಕ್ಕದಾಗಿದ್ದರೆ ಓದುಗರು 'ದೊಡ್ಡದು ಕಳೆಯಿತು' ಎಂದು ನಿಟ್ಟುಸಿರುಬಿಡುತ್ತಾರೆ. ಈ ನೆಮ್ಮದಿಗೆ ಆಧಾರವೆಷ್ಟು ಎಂಬುದು ವಿಚಾರಾರ್ಹ.

ಭೂಕಂಪದ ಅಂಕಿ ನಮ್ಮ ದಿನಬಳಕೆಯ ಅಂಕಿಯಂತಲ್ಲ. ಒಂದು ಅಂಕ ಏರಿದರೆ ಅಲೆಯ ಎತ್ತರ ಹತ್ತು ಪಟ್ಟಾಗುತ್ತದೆ, ಹೊರಬೀಳುವ ಶಕ್ತಿ ಸುಮಾರು 32 ಪಟ್ಟಾಗುತ್ತದೆ. ಎರಡು ಅಂಕ ಏರಿದರೆ ಶಕ್ತಿ ಸಾವಿರ ಪಟ್ಟು. ಚಕ್ರಬಡ್ಡಿಯ ಲೆಕ್ಕದಲ್ಲೇ ಆಯುಷ್ಯ ಸವೆಸಿದ ನನ್ನಂಥ ಬ್ಯಾಂಕ್ ನೌಕರನಿಗೂ ಈ ಏರಿಕೆ ಬೆರಗು ಹುಟ್ಟಿಸುತ್ತದೆ. ಅತಿ ದೊಡ್ಡ ಪಶ್ಚಾತ್ ಕಂಪನವು ಮುಖ್ಯ ಕಂಪನಕ್ಕಿಂತ ಸರಾಸರಿ 1.2 ಅಂಕ ಕಡಿಮೆ ಇರುತ್ತದೆಂಬ ನಿಯಮಕ್ಕೆ ಸ್ವೀಡನ್ನಿನ ವಿಜ್ಞಾನಿ ಮಾರ್ಕಸ್ ಬೋತ್ ಅವರ ಹೆಸರಿದೆ. ಅಂದರೆ ಶಕ್ತಿಯಲ್ಲಿ ಅರವತ್ತರಲ್ಲೊಂದು ಪಾಲು. ಆದರೆ ಇದು ಸರಾಸರಿ ಮಾತ್ರ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8, ಮೇ 12ರಂದು 7.3, ಅಂತರ ಬರೀ ಅರ್ಧ ಅಂಕ. ಟರ್ಕಿಯಲ್ಲಿ 2023ರ ಫೆಬ್ರವರಿ 6ರಂದು 7.8ರ ಕಂಪನವಾದ ಒಂಬತ್ತು ಗಂಟೆಗಳಲ್ಲಿ 7.5ರ ಇನ್ನೊಂದು ಬಂತು. ಜಪಾನಿನಲ್ಲಂತೂ 2011ರ ಮಾರ್ಚ್ 9ರ 7.3ರ ಕಂಪನವೇ ಮುಖ್ಯವೆಂದುಕೊಂಡಿದ್ದವರಿಗೆ ಎರಡೇ ದಿನಗಳಲ್ಲಿ 9ರ ಮಹಾಕಂಪನ ಎದುರಾಯಿತು. ಯಾವುದು ಮುಂಚಿನದು, ಯಾವುದು ಮುಖ್ಯ, ಯಾವುದು ನಂತರದ್ದು ಎಂಬ ಹೆಸರುಗಳೆಲ್ಲ ಎಲ್ಲವೂ ಮುಗಿದ ಮೇಲೆ ಇಡುವಂಥವು.

ದಿನ ಕಳೆದಂತೆ ಪಶ್ಚಾತ್ ಕಂಪನಗಳು ವಿರಳವಾಗುತ್ತವೆ ಎಂದು ಜಪಾನಿನ ಒಮೋರಿ 1894ರಲ್ಲೇ ತೋರಿಸಿದ್ದರು. ವಿರಳವಾಗುವುದು ಸಂಖ್ಯೆ, ಉಳಿದವು ಚಿಕ್ಕವೇ ಆಗಿರಬೇಕೆಂಬ ಕಟ್ಟಳೆಯಿಲ್ಲ. ನೇಪಾಳದ ಎರಡನೆಯ ಹೊಡೆತ ಬಂದದ್ದು ಹದಿನೇಳನೆಯ ದಿನ.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಅನುಭವ ಈ ವಿಷಯದಲ್ಲಿ ಎಲ್ಲಕ್ಕಿಂತ ಕಠೋರವಾದುದು. 2010ರ ಸೆಪ್ಟೆಂಬರ್ 4ರ ನಸುಕಿನಲ್ಲಿ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ 7.1ರ ಕಂಪನವಾಯಿತು. ಕಟ್ಟಡ ಕುಸಿದು ಸತ್ತವರು ಯಾರೂ ಇಲ್ಲ. ಐದೂವರೆ ತಿಂಗಳ ನಂತರ, 2011ರ ಫೆಬ್ರವರಿ 22ರ ಮಧ್ಯಾಹ್ನ, 6.2ರ ಪಶ್ಚಾತ್ ಕಂಪನ. ಶಕ್ತಿಯಲ್ಲಿ ಮೊದಲಿನದರ ಇಪ್ಪತ್ತರಲ್ಲೊಂದು ಪಾಲೂ ಇಲ್ಲ. ಬಲಿಯಾದವರು 185 ಮಂದಿ. ಕಾರಣ, ಅದು ನಗರಕ್ಕೆ ತೀರ ಸಮೀಪ, ನೆಲದಿಂದ ಕೇವಲ ಐದಾರು ಕಿಲೋಮೀಟರ್ ಆಳದಲ್ಲಿ, ಜನ ಕಚೇರಿ ಬೀದಿಗಳಲ್ಲಿದ್ದ ಹೊತ್ತಿನಲ್ಲಿ ಬಂದಿತ್ತು. ಮೃತರಲ್ಲಿ 115 ಮಂದಿ ಒಂದೇ ಕಟ್ಟಡದಲ್ಲಿದ್ದವರು. ಸೆಪ್ಟೆಂಬರಿನ ಕಂಪನದ ಬಳಿಕ ಅದೇ ಕಟ್ಟಡವನ್ನು ಪರಿಶೀಲಿಸಿ, ಬಳಕೆಗೆ ಅಡ್ಡಿಯಿಲ್ಲವೆಂದು ಹಸಿರು ಚೀಟಿ ಅಂಟಿಸಲಾಗಿತ್ತು! ಅದರ ವಿನ್ಯಾಸದಲ್ಲೇ ದೋಷವಿದ್ದುದು ಆಮೇಲಿನ ವಿಚಾರಣೆಯಲ್ಲಿ ಹೊರಬಿತ್ತು.

ಇದೇ 6.2ರ ಅಂಕಿ ಮಹಾರಾಷ್ಟ್ರದ ಕನ್ನಡಿಗರಿಗೆ ಅಪರಿಚಿತವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯನ್ನು ಅಳಿಸಿಹಾಕಿದ್ದೂ ಅಷ್ಟೇ ಪ್ರಮಾಣದ ಕಂಪನ. ಕಲ್ಲು ಮಣ್ಣಿನ ಭಾರದ ಗೋಡೆಗಳಡಿ ಮಲಗಿದ್ದ ಸಾವಿರಾರು ಜನ ಏಳಲೇ ಇಲ್ಲ. ಅತ್ತ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ 2021ರಲ್ಲಿ ಸಣ್ಣ ಕಂಪನಗಳು ಮತ್ತೆ ಮತ್ತೆ ಬಂದಾಗ ಗ್ರಾಮಸ್ಥರು ಮನೆಯ ಹೊರಗೆ ರಾತ್ರಿ ಕಳೆದರು. ಅದನ್ನು ಹಳ್ಳಿಯವರ ವೃಥಾ ಭಯವೆಂದು ಹಗುರವಾಗಿ ಕಾಣುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಬಿರುಕು ಬಿಟ್ಟ ಗೋಡೆಗೆ ಮುಂದಿನ ಕಂಪನ ನಾಲ್ಕೋ ಐದೋ ಎಂಬುದು ಗೊತ್ತಿರುವುದಿಲ್ಲ.

ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಕಾನೂನಿನಲ್ಲೇ ಕಡ್ಡಾಯವಾಗಿದೆ. ನಮ್ಮಲ್ಲಿ ಬಹಳಷ್ಟು ಕುಟುಂಬಗಳು ವಾಸಿಸುವುದು ಇಂಥ ಹಳೆಯ ಸೊಸೈಟಿಗಳಲ್ಲಿಯೇ. ಆ ವರದಿಯಲ್ಲಿ ಕಂಬ, ತೊಲೆಗಳ ಬಗ್ಗೆ ಏನು ಬರೆದಿದೆಯೆಂದು ಮುಂದಿನ ಸಾಮಾನ್ಯ ಸಭೆಯಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯರಿಗೂ ಇದೆ.