“ನಾ ಇನ್ನಾ ಕೆಳಗ ಅದೀನಿ!”



ಹೋದ ತಿಂಗಳು ಸಂಘದ ಕಾರ್ಯಕ್ರಮ ಮುಗಿಸಿ ಚಪ್ಪಲಿ ಹುಡುಕುತ್ತಿದ್ದೆ. ಕಾಲೇಜು ಓದುವ ಹುಡುಗನೊಬ್ಬ ಹತ್ತಿರ ಬಂದು, “ಅಂಕಲ್, ಪ್ರತಿ ಸಲ ಹೊಸ ಗೇಮುಗಳ ಬಗ್ಗೆಯೇ ಬರೀತೀರಿ, ನೀವು ಮೊದಲು ಆಡಿದ್ದು ಯಾವುದು?” ಎಂದು ಕೇಳಿದ. ಉತ್ತರ ಹೇಳಲು ಹೋಗಿ ಅರ್ಧ ಗಂಟೆ ಅವನನ್ನು ನಿಲ್ಲಿಸಿಕೊಂಡೆ. ಅವನ ತಾಯಿ ರಿಕ್ಷಾ ಹಿಡಿದು ಕಾಯುತ್ತಿದ್ದರು, ಪಾಪ. ಆದ್ದರಿಂದ ಉಳಿದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ.

ನಿಂಟೆಂಡೋ ಕಂಪನಿಯ ‘ಫ್ಯಾಮಿಲಿ ಕಂಪ್ಯೂಟರ್’ ಜಪಾನಿನಲ್ಲಿ ಬಂದದ್ದು 1983ರಲ್ಲಿ. ತೊಂಬತ್ತರ ದಶಕದಲ್ಲಿ ನಮ್ಮಂಥವರ ಮನೆಗೆ ಬಂದವು ಹೆಚ್ಚಾಗಿ ಅದರ ನಕಲುಗಳು. ಟಿವಿಗೆ ಒಂದು ವೈರು, ಎರಡು ಕಂಟ್ರೋಲರು, ಮೇಲಿನಿಂದ ಸಿಕ್ಕಿಸುವ ಕ್ಯಾಸೆಟ್ಟು. (ಕಾರ್ಟ್ರಿಜ್ ಎಂದು ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಅನ್ನುತ್ತಿರಲಿಲ್ಲ.) ನಾನು ಐದನೆಯ ಕ್ಲಾಸು ಪಾಸಾದಾಗ ಅಪ್ಪ ಲ್ಯಾಮಿಂಗ್ಟನ್ ರೋಡಿನಿಂದ ಅಂಥದೊಂದನ್ನು ತಂದರು. ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ದೊಡ್ಡದಾಗಿ ಬರೆದಿತ್ತು. ನೋಡುತ್ತಾ ಹೋದರೆ ಅವೇ ಏಳೆಂಟು ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು! ಆಟ ಶುರುವಾಗದಿದ್ದರೆ ಕ್ಯಾಸೆಟ್ಟು ತೆಗೆದು ಉಫ್ ಎಂದು ಊದುತ್ತಿದ್ದೆವು. ನಿಜವಾಗಿ ಕೆಲಸ ಮಾಡುತ್ತಿದ್ದದ್ದು ತೆಗೆದು ಮತ್ತೆ ಸರಿಯಾಗಿ ಕೂರಿಸುವುದು. ಬಾಯಿಯ ತೇವದಿಂದ ಒಳಗಿನ ಪಿನ್ನುಗಳಿಗೆ ಹಾನಿಯೇ ಆಗುತ್ತಿತ್ತೆಂದು ಬಹಳ ತಡವಾಗಿ ತಿಳಿಯಿತು.

ಪೆಟ್ಟಿಗೆಯಲ್ಲಿ ಒಂದು ಗನ್ನೂ ಇತ್ತು, ‘ಡಕ್ ಹಂಟ್’ ಆಡಲು. ಆ ಗನ್ನು ಏನನ್ನೂ ಹಾರಿಸುವುದಿಲ್ಲ, ಬರೀ ನೋಡುತ್ತದೆ. ಟ್ರಿಗರ್ ಒತ್ತಿದ ಕೂಡಲೇ ಪರದೆ ಕ್ಷಣಕಾಲ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಗನ್ನಿನ ಒಳಗಿನ ಸೆನ್ಸರಿಗೆ ಆ ಬೆಳಕು ಕಂಡರೆ ಕೋಳಿ ಬಿದ್ದಂತೆ. ಇದೆಲ್ಲ ಹಳೆಯ ಡಬ್ಬಾ ಟಿವಿಯ ಲೆಕ್ಕಕ್ಕೆ ಮಾಡಿದ್ದು, ಈಗಿನ ಗೋಡೆ ಟಿವಿಯಲ್ಲಿ ನಡೆಯುವುದಿಲ್ಲ. ಇದು ತಿಳಿಯದೆ ಮಗಳೆದುರು ಇಪ್ಪತ್ತು ಸಲ ಗುಂಡು ಹೊಡೆದು ಮಾನ ಕಳೆದುಕೊಂಡಿದ್ದೇನೆ. ಇರಲಿ.

ಆ ವರ್ಷ ಮೇ ರಜೆಗೆ ಧಾರವಾಡದಿಂದ ದೊಡ್ಡಪ್ಪನ ಮಗ ಬಂದ. ನನಗಿಂತ ಎರಡು ವರ್ಷ ದೊಡ್ಡವನು. ಆಗ ನನ್ನ ಕನ್ನಡ ಹೇಗಿತ್ತೆಂದರೆ, ಅವ್ವ ಕನ್ನಡದಲ್ಲಿ ಕೇಳಿದರೆ ನಾನು ಹಿಂದಿಯಲ್ಲಿ ಉತ್ತರಿಸುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ಈ ಪರಿಚಯ ಇದ್ದೀತು! ಅಣ್ಣನಿಗೆ ಹಿಂದಿ ಬರುತ್ತಿರಲಿಲ್ಲ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಕಂಟ್ರೋಲರು ಕೆಳಗಿಟ್ಟ. “ಕನ್ನಡದಾಗ ಮಾತಾಡಿದ್ರ ಆಡ್ತೀನಿ, ಇಲ್ಲಾಂದ್ರ ನೀನೊಬ್ಬನ ಆಡ್ಕೋ” ಅಂದ. ಒಬ್ಬನೇ ‘ಕಾಂಟ್ರಾ’ ಆಡುವುದೇ? ಒಪ್ಪಿದೆ.

ಮೂವತ್ತು ಲೈಫಿನ ಗುಟ್ಟು ನಿಮಗೂ ಗೊತ್ತಿರಬಹುದು. ಕೊನಾಮಿ ಕಂಪನಿಯ ಕಾಜುಹಿಸಾ ಹಾಶಿಮೊಟೊ ‘ಗ್ರೇಡಿಯಸ್’ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುವಾಗ, ಅದು ತನಗೇ ಕಷ್ಟವಾಗಿ, ಪರೀಕ್ಷೆ ಮಾಡಲೆಂದು ಸೇರಿಸಿಕೊಂಡ ಕಳ್ಳದಾರಿ ಅದು. 1986ರಲ್ಲಿ ಆಟದ ಜೊತೆಗೆ ಅದೂ ಹೊರಬಂತು, 1988ರ ಕಾಂಟ್ರಾಕ್ಕೂ ಬಂತು. ಪಕ್ಕದ ಮನೆಯ ಹುಡುಗ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ ಚೀಟಿಯನ್ನು ಅಣ್ಣ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ: “ಮ್ಯಾಲ ಮ್ಯಾಲ, ಕೆಳಗ ಕೆಳಗ, ಎಡಕ್ಕ ಬಲಕ್ಕ, ಎಡಕ್ಕ ಬಲಕ್ಕ, ಬಿ, ಎ.” ಯಾವುದು ಎಡ, ಯಾವುದು ಬಲ ಎಂದು ನಾನು ಕಲಿತದ್ದು ಹೀಗೆ. ನಗಬೇಡಿ.

ಆ ಆಟದ ಮೂರನೆಯ ಹಂತದಲ್ಲಿ ಒಂದು ಜಲಪಾತವಿದೆ. ಬಂಡೆಯಿಂದ ಬಂಡೆಗೆ ಜಿಗಿಯುತ್ತಾ ಇಬ್ಬರೂ ಮೇಲೇರಬೇಕು. ಪರದೆ ಒಂದೇ. ಒಬ್ಬ ಅವಸರದಿಂದ ಮೇಲೆ ಹೋದರೆ ಪರದೆಯೂ ಅವನ ಜೊತೆ ಏರುತ್ತದೆ, ಹಿಂದುಳಿದವನು ಶತ್ರುವಿನ ಗುಂಡೇ ತಾಗದೆ ಸಾಯುತ್ತಾನೆ. “ಏ ತಮ್ಮಾ, ತಡಿಯೋ! ನಾ ಇನ್ನಾ ಕೆಳಗ ಅದೀನಿ!” ಎಂದು ಅಣ್ಣ ಕೂಗುತ್ತಿದ್ದ. ನಾನು ತಡೆಯುತ್ತಿರಲಿಲ್ಲ. ಮಾತು ಅರ್ಥವಾಗಲಿಲ್ಲವೆಂದು ಆಮೇಲೆ ನೆಪ ಹೇಳುತ್ತಿದ್ದೆ. ಮೊದಮೊದಲು ಅದು ನಿಜವೇ ಇತ್ತು. ರಜೆ ಮುಗಿಯುವ ಹೊತ್ತಿಗೆ ಎಲ್ಲಾ ಅರ್ಥವಾಗುತ್ತಿತ್ತು, ಆದರೂ ಏರುತ್ತಿದ್ದೆ.

ನಂತರದ ವರ್ಷಗಳಲ್ಲಿ ನಾನು ಓದು, ನೌಕರಿ ಎಂದು ಏರುತ್ತಲೇ ಹೋದೆ. ಅವನು ಊರಲ್ಲಿ ದೊಡ್ಡಪ್ಪನ ಅಂಗಡಿ ನೋಡಿಕೊಂಡ. ದೊಡ್ಡಪ್ಪ ತೀರಿಕೊಂಡಾಗ ನಾನು ಹೋದದ್ದು ಒಂದೇ ದಿನಕ್ಕೆ, ಸಂಜೆಯ ಬಸ್ಸಿಗೆ ವಾಪಸು. ಅವನೇನೂ ಅನ್ನಲಿಲ್ಲ. ಫೋನು ಮಾತ್ರ ಕಡಿಮೆಯಾಗಿ, ಕೊನೆಗೆ ನಿಂತೇ ಹೋಯಿತು.

2020ರ ಲಾಕ್‌ಡೌನಿನಲ್ಲಿ ಒಂದು ರಾತ್ರಿ ಅವನ ಮಗ ಮೆಸೇಜು ಮಾಡಿದ: “ಕಾಕಾ, ಪಬ್‌ಜಿ ಆಡ್ತೀರಿ? ನಾಲ್ಕು ಮಂದಿ ಬೇಕು.” ಮೈಕು ಹಾಕಿಕೊಂಡು ಕೂತೆ. ಹುಡುಗ, ಅವನ ಗೆಳೆಯ, ನಾನು. ನಾಲ್ಕನೆಯವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. ಆ ಕೆಮ್ಮೇ ಗುರುತು ಸಿಕ್ಕಿತು.

ಈ ಆಟದಲ್ಲಿ ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಸುತ್ತಲಿನ ವೃತ್ತ ಕಿರಿದಾಗುತ್ತಾ ಬರುತ್ತದೆ, ಹೊರಗುಳಿದವರ ಜೀವ ಸೋರಿ ಹೋಗುತ್ತದೆ. ಅಣ್ಣನ ಫೋನು ಹಳೆಯದು, ನೆಟ್‌ವರ್ಕು ಅದಕ್ಕಿಂತ ಹಳೆಯದು! ನಾವು ಮೂವರೂ ಒಳಗೆ ಸೇರಿದ್ದೆವು. “ತಮ್ಮಾ, ನಾ ಇನ್ನಾ ಹೊರಗ ಅದೀನಿ” ಎಂಬ ದನಿ ತುಂಡುತುಂಡಾಗಿ ಬಂತು.

ಜೀಪು ತಿರುಗಿಸಿದೆ. “ಕಾಕಾ, ಹೋಗಬ್ಯಾಡ್ರಿ, ಸಾಯ್ತೀರಿ!” ಎಂದು ಹುಡುಗ ಕಿರುಚಿದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅಣ್ಣನನ್ನು ಹತ್ತಿಸಿಕೊಂಡು ಅರ್ಧ ದಾರಿ ಬರುವಷ್ಟರಲ್ಲಿ ಇಬ್ಬರೂ ಸತ್ತೆವು. ಆ ಹುಡುಗ ನಮ್ಮಿಬ್ಬರನ್ನೂ ಬೈದದ್ದು ಶುದ್ಧ ಧಾರವಾಡದ ಕನ್ನಡದಲ್ಲಿ, ಅದನ್ನು ಇಲ್ಲಿ ಅಚ್ಚು ಹಾಕಿಸುವಂತಿಲ್ಲ.

ಆ ಸೆಪ್ಟೆಂಬರಿನಲ್ಲಿ ಸರಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದೇ ಆಟ ಬೇರೆ ಹೆಸರಿನಲ್ಲಿ ಬಂತು. ನಡುವಿನ ಹತ್ತು ತಿಂಗಳು ಆಡಲು ಏನೂ ಇರಲಿಲ್ಲ. ಆದರೂ ರಾತ್ರಿ ಒಂಬತ್ತೂವರೆಗೆ ಅಣ್ಣ ಫೋನು ಮಾಡುತ್ತಿದ್ದ.